ಇಂಜಿನ್ ಕಾಯುವುದೇಕೆ?

ಶ್ರೋತೃಗಳಿಗೆ ನಮಸ್ಕಾರ. ಕಾರಿನ ಇಂಜಿನ್ ಕಾದು ಗ್ಯಾರೇಜಿಗೆ ಬಂದಾಗ ಮೊದಲು ತಣಿಸುವ ದ್ರವದ ದಾರಿಯನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟ್, ಅದರಿಂದಾಗದಿದ್ದರೆ ಆ ದ್ರವವನ್ನು ಗಾಳಿಗೆ ಆರಿಸುವ ರೇಡಿಯೇಟರ್, ಅದರಿಂದಲೂ ಆಗದಿದ್ದರೆ ದ್ರವವನ್ನು ಸುತ್ತಿಸುವ ವಾಟರ್ ಪಂಪ್ ಎಂದು ಒಂದೊಂದಾಗಿ ಬದಲಿಸುತ್ತ ಹೋಗುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಯಾವ ಬಗೆಯ ಓಟದಲ್ಲಿ ಇಂಜಿನ್ ಕಾಯುತ್ತದೆ ಎಂಬುದನ್ನು ಮಾಲೀಕರು ಗಮನಿಸಿ ಹೇಳಿದರೆ ದೋಷದ ಜಾಡು ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.

ಕಾರವಾರದ ಪೇಟೆಯ ದಟ್ಟಣೆಯಲ್ಲಿ ನಿಂತಾಗ ಮೇಲೇರಿದ ತಾಪಮಾನದ ಮುಳ್ಳು, ಹೆದ್ದಾರಿ 66ರಲ್ಲಿ ಅಂಕೋಲೆಯ ಕಡೆಗೆ ವೇಗ ಹಿಡಿದೊಡನೆ ಇಳಿಯುತ್ತಿದ್ದರೆ ರೇಡಿಯೇಟರಿನ ಫ್ಯಾನನ್ನು ಶಂಕಿಸಬೇಕು. ಓಟದಲ್ಲಿ ಎದುರುಗಾಳಿ ಮಾಡುವ ಕೆಲಸವನ್ನು ನಿಂತಲ್ಲಿ ಮಾಡಬೇಕಾದದ್ದು ಅದೇ. ಎ.ಸಿ. ಹಾಕಿದಾಗ ತಿರುಗುವ ಫ್ಯಾನ್, ಇಂಜಿನ್ ಕಾದಾಗ ತಿರುಗುವುದಿಲ್ಲವೆಂದಾದರೆ ಮೋಟರು ಸರಿಯಿದೆ, ತಾಪಮಾನದ ಸೆನ್ಸರನ್ನೋ ಅದರ ತಂತಿಯನ್ನೋ ನೋಡಬೇಕು. ಎರಡೂ ಸಂದರ್ಭದಲ್ಲಿ ತಿರುಗದಿದ್ದರೆ ಫ್ಯೂಸ್, ರಿಲೇ ಮತ್ತು ಮೋಟರಿನ ಸರದಿ.

ಪೇಟೆಯಲ್ಲಿ ತಣ್ಣಗಿದ್ದು, ದೇವಿಮನೆ ಅಥವಾ ಅರಬೈಲು ಘಟ್ಟ ಹತ್ತುವಾಗ ಮಾತ್ರ ಕಾಯುವ ಇಂಜಿನ್ನಿನ ಕಥೆ ಬೇರೆ. ಅಲ್ಲಿ ಭಾರ ಹೆಚ್ಚು, ವೇಗ ಕಡಿಮೆ. ಹುಟ್ಟುವ ಶಾಖವನ್ನು ಹೊರಹಾಕುವಷ್ಟು ಕೂಲಂಟ್, ಅಂದರೆ ತಣಿಸುವ ದ್ರವ, ಹರಿಯುತ್ತಿಲ್ಲ, ಅಥವಾ ರೇಡಿಯೇಟರಿಗೆ ಆ ಶಕ್ತಿ ಉಳಿದಿಲ್ಲ. ಕಡಲ ದಂಡೆಯಲ್ಲಿ ನಿಲ್ಲುವ ಕಾರುಗಳಲ್ಲಿ ಈ ಎರಡನೆಯದನ್ನು ಮರೆಯಬಾರದು. ಟಾರ್ಚ್ ಹಿಡಿದು ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ನೋಡಿ: ಧೂಳು, ಹುಳ, ತರಗೆಲೆಗಳಲ್ಲದೆ, ಉಪ್ಪುಗಾಳಿಗೆ ಸವೆದ ಅಲ್ಯೂಮಿನಿಯಂ ಬೆರಳು ತಾಗಿದೊಡನೆ ಬಿಳಿಯ ಪುಡಿಯಾಗಿ ಉದುರುವುದೂ ಉಂಟು. ಹಾಗಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಒಳಗಿನ ಹಾನಿಗೆ ನಮ್ಮ ಅಭ್ಯಾಸವೂ ಕಾರಣ. ಕೂಲಂಟ್ ಇಳಿದಾಗಲೆಲ್ಲ ಬಾವಿಯ ನೀರು ಸುರಿಯುವವರು, ಅಳಿವೆಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ ಎಂಬುದನ್ನೂ, ಆ ಉಪ್ಪು ಇಂಜಿನ್ನಿನ ಲೋಹವನ್ನು ತಿನ್ನುತ್ತದೆ ಎಂಬುದನ್ನೂ ದಯವಿಟ್ಟು ನೆನಪಿಡಬೇಕು. ಕೂಲಂಟಿಗೆ ಬೆರೆಸಬೇಕಾದದ್ದು ಡಿಸ್ಟಿಲ್ಡ್ ನೀರು.

ಹರಿವಿನ ಪರೀಕ್ಷೆ ಮನೆಯಂಗಳದಲ್ಲೇ ಆಗುತ್ತದೆ. ಇಂಜಿನ್ ಸಾಕಷ್ಟು ಬಿಸಿಯಾದ ಮೇಲೆ, ಫ್ಯಾನಿಗೂ ಬೆಲ್ಟಿಗೂ ಕೈ ತಾಗದಂತೆ, ರೇಡಿಯೇಟರಿನ ಎರಡು ದಪ್ಪ ಹೋಸ್ ಪೈಪುಗಳ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಸುಡುವಂತಿದ್ದು ಇನ್ನೊಂದು ತಣ್ಣಗೇ ಉಳಿದಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿರಬಹುದು, ಇಲ್ಲವೇ ರೇಡಿಯೇಟರ್ ಕಟ್ಟಿರಬಹುದು. ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿ ಎಂಬ ಸಲಹೆಯನ್ನು ಒಪ್ಪಬೇಡಿ. ಅದಿಲ್ಲದ ಇಂಜಿನ್ ಬೇಕಾದ ಬಿಸಿಗೆ ತಡವಾಗಿ ಬರುತ್ತದೆ, ಇಂಧನ ಹೆಚ್ಚು ಸುಡುತ್ತದೆ.

ಬಹಳ ಮಂದಿ ಕಡೆಗಣಿಸುವ ಭಾಗ ರೇಡಿಯೇಟರಿನ ಮುಚ್ಚಳ. ಅದು ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡವನ್ನು ಹಿಡಿದಿಡುವುದರಿಂದಲೇ 100 ಡಿಗ್ರಿಗೆ ಕುದಿಯಬೇಕಾದ ನೀರು 120 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ರಬ್ಬರು ಗಟ್ಟಿಯಾಗಿ ಬಿರುಕುಬಿಟ್ಟ ಮುಚ್ಚಳ ಈ ಒತ್ತಡವನ್ನು ಬಿಟ್ಟುಕೊಡುತ್ತದೆ. ಬಿಸಿ ಇಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದೆನ್ನುವುದೂ ಇದಕ್ಕಾಗಿಯೇ: ಒತ್ತಡ ತಪ್ಪಿದ ಕ್ಷಣ ಆ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ.

ಹೊರಗೆಲ್ಲೂ ಸೋರಿಕೆಯಿಲ್ಲದೆ ಕೂಲಂಟ್ ಇಳಿಯುತ್ತಲೇ ಇದ್ದರೆ, ಇಂಜಿನ್ನಿನ ಮೇಲ್ಭಾಗಕ್ಕೂ ಸಿಲಿಂಡರುಗಳಿಗೂ ನಡುವೆ ಸೋರದಂತೆ ಕೂರಿಸಿದ ಪದರವಾದ ಹೆಡ್ ಗ್ಯಾಸ್ಕೆಟ್ಟಿನ ಅನುಮಾನ ಬರುತ್ತದೆ. ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಡದೆ ಬರುವ ಬಿಳಿ ಹೊಗೆ, ಕೂಲಂಟಿನ ತೊಟ್ಟಿಯಲ್ಲಿ ನಿಲ್ಲದೆ ಏಳುವ ಗುಳ್ಳೆ, ಹಾಲು ಬೆರೆತಂತಾದ ಆಯಿಲ್ ಅದರ ಲಕ್ಷಣಗಳು. ಶಿರಸಿಯ ಮಳೆಗಾಲದಲ್ಲಿ ಪೇಟೆಯೊಳಗಷ್ಟೇ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಗೆ ಬರಿಯ ತೇವದಿಂದಲೂ ತೆಳ್ಳಗಿನ ಬಿಳಿ ಕೆನೆ ಕಟ್ಟುತ್ತದೆ. ಆದ್ದರಿಂದ ಆಯಿಲಿನ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಅದಕ್ಕೆ ಅಂಟಿದ ಆಯಿಲನ್ನೂ ನೋಡಿ. ಅಲ್ಲಿಯೂ ಬಿಳುಪು ಕಂಡರೆ ಕಾರನ್ನು ಚಾಲೂ ಮಾಡದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಸಿಲಿಂಡರುಗಳ ಒತ್ತಡವನ್ನು ಅಳೆಯಿಸಬೇಕು.