ಗಲ್ಲಾ ಪಕ್ಕದ ಸ್ಟೂಲು

ಎಲ್ಲರಿಗೂ ನಮಸ್ಕಾರ. ಬಿಟ್ಟ ವೃತ್ತಿಗೆ ವಾಪಸ್ ಬರುವುದು ಹೇಗೆ ಅಂತ ಮಾತಾಡಿ ಎಂದು ಸಂಘದವರು ಕರೆದಿದ್ದಾರೆ. ಹೇಗೆ ಅಂತ ಹೇಳುವಷ್ಟು ಜಾಣೆ ನಾನಲ್ಲ. ಎಲ್ಲಿ ಎಡವಿದೆ ಅಂತ ಮಾತ್ರ ಹೇಳಬಲ್ಲೆ.

ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮವರ ಉಡುಪಿ ಹೋಟೆಲುಗಳಿಗೆ ತೆರಿಗೆ ಸಲಹೆ ಕೊಡುವುದು ನನ್ನ ಕೆಲಸ. 2014ರಲ್ಲಿ ಅತ್ತೆಗೆ ಹುಷಾರಿಲ್ಲದೆ ಬಿಟ್ಟೆ. ಆಗ ವ್ಯಾಟ್ ಅನ್ನುವ ಮಾರಾಟ ತೆರಿಗೆಯ ಕಾಲ. ಫೈಲು ಕಂಕುಳಲ್ಲಿಟ್ಟುಕೊಂಡು ಮಝಗಾಂವ್‌ನ ಮಾರಾಟ ತೆರಿಗೆ ಕಚೇರಿ ವಿಕ್ರೀಕರ್ ಭವನಕ್ಕೆ ಓಡುವುದೇ ಅರ್ಧ ವೃತ್ತಿ. ಮುಲುಂದ್, ದಹಿಸರ್ ನಾಕಾಗಳಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ತರುವ ಸರಕಿನ ಸುಂಕ, ಕಟ್ಟಲು ಲಾರಿಗಳ ಸಾಲು. 2022ರಲ್ಲಿ ವಾಪಸ್ ಬಂದರೆ ಆಕ್ಟ್ರಾಯ್ ಇಲ್ಲ, ಊಟ ತಿಂಡಿಗೆ ವ್ಯಾಟ್ ಇಲ್ಲ, ಆ ಕಟ್ಟಡದ ಹೆಸರೂ ಜಿಎಸ್‌ಟಿ ಭವನ!

ಕಾನೂನು ಕಲಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮೊದಲು ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಇದ್ದರೆ 18. ಅದೇ ನವೆಂಬರ್ 15ರಿಂದ ಎರಡಕ್ಕೂ 5. ಆದರೆ ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಈ ಶೇ. 5ರಲ್ಲಿ ಕಳೆದು ಉಳಿದದ್ದು ಮಾತ್ರ ಕಟ್ಟುವ ಹಾಗಿಲ್ಲ. ಕೂತು ಓದಿದರೆ ತಲೆಗೆ ಹೋಗುತ್ತದೆ.

ಕಷ್ಟವಾದದ್ದು ಬೇರೆ. ಹಳೇ ಗಿರಾಕಿ ಶೆಟ್ಟರೊಬ್ಬರ ಹತ್ತಿರ ಹೋದೆ. "ನೀವು ಬಂದದ್ದು ಖುಷಿ ಅಕ್ಕಾ. ಆದ್ರೆ ರಿಟರ್ನ್ ನಮ್ಮ ಹುಡುಗನೇ ತುಂಬ್ತಾನೆ. ಬಿಲ್ ಮಿಷಿನ್ನೇ ಲೆಕ್ಕ ಹಾಕಿ ಕೊಡ್ತದೆ ಮಾರಾಯ್ರೆ" ಅಂದರು. ಮಸಾಲೆ ದೋಸೆ ತಿನ್ನಿಸಿ ಕಳಿಸಿದರು. ಆ ದೋಸೆ ಗಂಟಲಲ್ಲಿ ಇಳಿಯಲಿಲ್ಲ. ಫಾರಂ ತುಂಬಿಯೇ ಅಲ್ವಾ ನಾನು ಇಷ್ಟು ವರ್ಷ ಫೀ ತಗೊಂಡದ್ದು?

ಮಾರನೇ ದಿನ ಮತ್ತೆ ಹೋದೆ. "ಫೀ ಬೇಡ, ಒಂದು ವಾರ ಗಲ್ಲಾ ಪಕ್ಕ ಸುಮ್ನೆ ಕೂರ್ತೇನೆ" ಅಂದೆ. ಸ್ಟೂಲು ಹಾಕಿಸಿಕೊಟ್ಟರು. ಹೋಟೆಲೇ ಬದಲಾಗಿತ್ತು. ಟೇಬಲಿಗಿಂತ ಬಾಗಿಲಲ್ಲೇ ಜನ ಜಾಸ್ತಿ, ಎಲ್ಲರ ಬೆನ್ನಿಗೂ ಪಾರ್ಸೆಲ್ ಚೀಲ. ರಾತ್ರಿ ಮಿಷಿನ್ನಿನ ಚೀಟಿ ತೆಗೆದು ನೋಡಿದೆ. ಆಪ್‌ನಲ್ಲಿ ಬಂದ ಆರ್ಡರುಗಳೂ ಅದೇ ಒಟ್ಟು ಮೊತ್ತದಲ್ಲಿ ಸೇರಿದ್ದವು. ಹುಡುಗ ಆ ಇಡೀ ಮೊತ್ತಕ್ಕೆ ಶೇ. 5 ಹಾಕಿ ಕಟ್ಟುತ್ತಿದ್ದ. ಆದರೆ 2022ರ ಜನವರಿ 1ರಿಂದ ಸ್ವಿಗ್ಗಿ, ಜೊಮ್ಯಾಟೊ ಮೂಲಕ ಹೋದ ಊಟದ ತೆರಿಗೆಯನ್ನು ಆ ಕಂಪನಿಗಳೇ ಸರ್ಕಾರಕ್ಕೆ ಕಟ್ಟಬೇಕು. ಅಂದರೆ 100 ರೂಪಾಯಿಯ ದೋಸೆಗೆ ಕಂಪನಿಯದೂ 5, ಶೆಟ್ಟರದೂ 5. ಶೆಟ್ಟರದು ಸ್ವಂತ ಜೇಬಿನಿಂದ.

ಮಿಷಿನ್ನಿನ ತಪ್ಪೇನಿಲ್ಲ. ಕೂಡು ಅಂದದ್ದನ್ನು ಕೂಡಿತು. ಹುಡುಗನೂ ಚುರುಕು. ಪೋರ್ಟಲ್‌ನಲ್ಲಿ ಓಡಾಡುವುದನ್ನು ನನಗೆ ಕಲಿಸಿದವನೇ ಅವನು. ಐವತ್ತು ದಾಟಿದ ಮೇಲೆ ಇಪ್ಪತ್ತೆರಡರ ಹುಡುಗನ ಕೈಲಿ "ಅಲ್ಲಿ ಅಲ್ಲ ಅಕ್ಕಾ, ಇಲ್ಲಿ ಒತ್ತಿ" ಅನ್ನಿಸಿಕೊಂಡೆ. ಆದರೆ ಈ ಅಂಕಿ ಎಲ್ಲಿಂದ ಬಂತು ಅಂತ ಕೇಳುವವರು ಆ ಹೋಟೆಲಿನಲ್ಲಿ ಯಾರೂ ಇರಲಿಲ್ಲ. ಈಗ ನನಗೆ ಫೀ ಕೊಡುವುದು ಆ ಒಂದು ಪ್ರಶ್ನೆಗೆ. ಫಾರಂ ತುಂಬಲು ನಾನು ದುಡ್ಡು ಕೇಳುವುದೇ ಇಲ್ಲ.

2025ರ ಸೆಪ್ಟೆಂಬರ್ 22ಕ್ಕೆ ತುಪ್ಪ, ಬೆಣ್ಣೆಯ ತೆರಿಗೆ 12ರಿಂದ 5ಕ್ಕೆ ಇಳಿಯಿತು, ಪ್ಯಾಕೆಟ್ ಪನೀರಿಗೆ ಸೊನ್ನೆ. ಹೋಟೆಲಿನವರಿಗೆ ಖರೀದಿಯ ತೆರಿಗೆ ವಾಪಸ್ ಸಿಗುವುದಿಲ್ಲವಲ್ಲ, ಹಾಗಾಗಿ ಇಳಿದದ್ದು ನೇರ ಉಳಿತಾಯ. ಆ ವಾರ ನಾನು ಮಾಡಿದ್ದು ಒಂದೇ ಕೆಲಸ: ಒಂದೊಂದೇ ಗಿರಾಕಿಗೆ ಫೋನು ಮಾಡಿ, "ತುಪ್ಪದ ಬಿಲ್ಲು ತೆಗೆದು ಓದಿ ಹೇಳಿ" ಅಂದೆ. ಇಬ್ಬರಿಗೆ ಹಳೇ ರೇಟೇ ಬಿದ್ದಿತ್ತು.

ಪ್ರಶ್ನೆ ಇದ್ದರೆ ಬೇಗ ಕೇಳಿ. ನಾಳೆ 20ನೇ ತಾರೀಕು, 3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನಿಗೆ ಕೊನೇ ದಿನ. ಆರು ಹೋಟೆಲಿನದು ಇನ್ನೂ ಬಾಕಿ ಇದೆ.