ಬಕೆಟ್ ಹಿಡಿಯುವವರನ್ನು ಬೈಯುವ ಮೊದಲು

ನಮಸ್ಕಾರ. ಏಪ್ರಿಲ್ ಬಂತು ಅಂದರೆ ಬೆಂಗಳೂರಿನ ಐಟಿ ಆಫೀಸುಗಳ ಹೊರಗೆ, ಟೀ ಅಂಗಡಿ ಮುಂದೆ ಇದೇ ಮಾತು. ಸಂಬಳದ ಹೈಕ್ ಎಷ್ಟು, ವರ್ಷದ ಕೆಲಸಕ್ಕೆ ಬಂದ ರೇಟಿಂಗ್ ಎಷ್ಟು, ಮ್ಯಾನೇಜರಿಗೆ ಬಕೆಟ್ ಹಿಡಿದವರು ಯಾರು. ನಾನೂ ಆ ಗುಂಪಿನಲ್ಲಿ ನಿಂತು ಬೈದವನೇ.

ನನ್ನ ಹಳೇ ಟೀಮಿನಲ್ಲಿ ಒಬ್ಬ ಗೆಳೆಯ ಇದ್ದ. ರಾತ್ರಿ ಎರಡು ಗಂಟೆಗೆ ಸರ್ವರ್ ಕೈಕೊಟ್ಟರೆ ಇವನಿಗೇ ಫೋನ್. ಸರಿ ಮಾಡಿ ಮಲಗುತ್ತಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಬ್ಬ ಬಂದು, ಕಾಫಿ ಕುಡಿಯುತ್ತಾ, ದೊಡ್ಡವರನ್ನೆಲ್ಲ ಸಿಸಿಯಲ್ಲಿ ಹಾಕಿ, 'ಸಮಸ್ಯೆ ಬಗೆಹರಿದಿದೆ' ಅಂತ ಒಂದು ಮೇಲ್ ಕಳಿಸುತ್ತಿದ್ದ. ಅಡುಗೆ ಮಾಡಿದವರು ಒಬ್ಬರು, ಬಡಿಸಿ ಹೊಗಳಿಸಿಕೊಂಡವರು ಇನ್ನೊಬ್ಬರು. ರೇಟಿಂಗ್ ಯಾರಿಗೆ ಜಾಸ್ತಿ ಬಂತು ಅಂತ ಬೇರೆ ಹೇಳಬೇಕಾ? ಆಮೇಲೆ ಗೆಳೆಯ ರಾತ್ರಿ ಫೋನ್ ಎತ್ತುವುದನ್ನೇ ಬಿಟ್ಟ. ಜಗಳ ಆಡಲಿಲ್ಲ, ರಾಜೀನಾಮೆ ಕೊಡಲಿಲ್ಲ. ಸುಮ್ನೆ ಆರು ಗಂಟೆಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ.

ಮೇಲ್ ಹಾಕಿದವನ ಮೇಲೆ ನನಗೆ ತುಂಬಾ ದಿನ ಸಿಟ್ಟಿತ್ತು. ಈಗ ಅನಿಸುತ್ತದೆ, ಅವನಿಗೆ ಆಟದ ನಿಯಮ ನಮಗಿಂತ ಬೇಗ ಗೊತ್ತಾಗಿತ್ತು ಅಷ್ಟೇ. ನಮ್ಮ ರೇಟಿಂಗ್ ನಡೆಯುತ್ತಿದ್ದದ್ದು ಬೆಲ್ ಕರ್ವ್ ಲೆಕ್ಕದಲ್ಲಿ. ಹಾಗಂದರೆ ಏನು? ಯಾವ ರೇಟಿಂಗ್ ಎಷ್ಟು ಜನರಿಗೆ ಅಂತ ಮೊದಲೇ ನಿಗದಿ. ಹತ್ತು ಜನರೂ ಚೆನ್ನಾಗಿ ದುಡಿದರೂ ಒಬ್ಬನನ್ನು ಕೆಳಗೆ ತಳ್ಳಲೇಬೇಕು. ಅಂದಮೇಲೆ ಪಕ್ಕದವನಿಗೆ ಕೆಲಸ ಹೇಳಿಕೊಟ್ಟರೆ ನಷ್ಟ ನನಗೇ, ಅಲ್ವಾ?

ಇದನ್ನು ಹೆಸರುವಾಸಿ ಮಾಡಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥನಾಗಿದ್ದ ಜ್ಯಾಕ್ ವೆಲ್ಚ್. ನೌಕರರಲ್ಲಿ ಮೇಲೆ ಶೇ. 20, ನಡುವೆ ಶೇ. 70, ಕೆಳಗೆ ಶೇ. 10. ಆ ಕೊನೆಯ ಹತ್ತು ಮನೆಗೆ. ಮೈಕ್ರೋಸಾಫ್ಟ್‌ನಲ್ಲೂ ಇಂಥದ್ದೇ ಪದ್ಧತಿ ವರ್ಷಗಟ್ಟಲೆ ನಡೆಯಿತು. 2012ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆ ಅಲ್ಲಿನವರನ್ನು ಮಾತಾಡಿಸಿದಾಗ ಎಲ್ಲರೂ ಬೈದದ್ದು ಇದನ್ನೇ. ಎದುರಾಳಿ ಕಂಪನಿಯನ್ನು ಬಿಟ್ಟು ಪಕ್ಕದ ಮೇಜಿನವರ ಜೊತೆ ಪೈಪೋಟಿ, ಒಳ್ಳೆಯ ಇಂಜಿನಿಯರುಗಳಿಗೆ ಇನ್ನೊಬ್ಬ ಒಳ್ಳೆಯ ಇಂಜಿನಿಯರ್ ಇರುವ ಟೀಮ್ ಅಂದರೆ ಭಯ! 2013ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು.

ನಮ್ಮಲ್ಲಿ ಮಾತ್ರ ವರ್ಷಪೂರ್ತಿ ಒಬ್ಬರ ಕಾಲು ಒಬ್ಬರು ಎಳೆಯುವ ಹಾಗೆ ಮಾಡಿ, ಡಿಸೆಂಬರಿನಲ್ಲಿ ರೆಸಾರ್ಟಿಗೆ ಕರೆದುಕೊಂಡು ಹೋಗಿ ಹಗ್ಗಜಗ್ಗಾಟ ಆಡಿಸುತ್ತಾರೆ. ಟೀಮ್ ಬಿಲ್ಡಿಂಗ್ ಅಂತೆ.

ನಿಮ್ಮ ಟೀಮಿನಲ್ಲಿ ರಾತ್ರಿ ಫೋನ್ ಎತ್ತುವವರಿಗೆ ಎಷ್ಟು ರೇಟಿಂಗ್ ಬಂತು, ಬೆಳಿಗ್ಗೆ ಮೇಲ್ ಹಾಕುವವರಿಗೆ ಎಷ್ಟು ಬಂತು? ಕಾಮೆಂಟಿನಲ್ಲಿ ಬರೆಯಿರಿ. ಹೆಸರು ಬೇಡ, ನಂಬರ್ ಸಾಕು.