ನೆರಳಿಗೆ ನುಡಿಯುವ ವಾದ್ಯ

ಕೇಳುಗರಿಗೆ ನಮಸ್ಕಾರ. ಬೆಸುಗೆ ಹಾಕಿ ಗೊತ್ತಿಲ್ಲದವರೂ ಒಂದು ಸಂಜೆಯಲ್ಲಿ ಜೋಡಿಸಬಹುದಾದ, ಕೈಯ ನೆರಳು ಬಿದ್ದಂತೆ ಸ್ವರ ಬದಲಿಸುವ ಪುಟ್ಟ ಎಲೆಕ್ಟ್ರಾನಿಕ್ ವಾದ್ಯದ ಬಗ್ಗೆ ಇಂದು ಹೇಳುತ್ತೇನೆ. ಬೆಂಗಳೂರಿಗೆ ಇದು ಹೊಸ ಹವ್ಯಾಸವೇನಲ್ಲ. ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದ ಜಿ. ರಾಜ್ ನಾರಾಯಣ್ ಇದೇ ಊರಿನ ಇಂಜಿನಿಯರ್, ಕೊಳಲು ವಾದಕರೂ ಹೌದು.

ವಾದ್ಯಕ್ಕೆ ಬೇಕಾದದ್ದು 555 ಎಂಬ ಎಂಟು ಕಾಲಿನ ಐಸಿ ಚಿಪ್, ಬೆಳಕಿಗೆ ತಕ್ಕಂತೆ ರೋಧ ಬದಲಿಸುವ ಎಲ್‌ಡಿಆರ್, 1 ಕಿಲೋಓಮ್ ಮತ್ತು 100 ಓಮ್‌ಗಳ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಎರಡು ಕೆಪಾಸಿಟರ್, 10 ಮೈಕ್ರೋಫ್ಯಾರಡ್‌ನದೊಂದು, 8 ಓಮ್ ಸ್ಪೀಕರ್, 9 ವೋಲ್ಟ್ ಬ್ಯಾಟರಿ, ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ರಂಧ್ರಗಳ ಹಲಗೆಯಾದ ಬ್ರೆಡ್‌ಬೋರ್ಡ್ ಮತ್ತು ಕೆಲವು ತಂತಿ ತುಂಡುಗಳು. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಸಿದ್ಧ ಕಿಟ್ ಕೊಳ್ಳುವುದಕ್ಕಿಂತ ಒಂದೊಂದನ್ನೂ ಕೇಳಿ ಆರಿಸುವುದೇ ಒಳ್ಳೆಯ ಪಾಠವೆಂದು ನನ್ನ ಅಭಿಪ್ರಾಯ.

ಕಾಗದ ಹತ್ತಿರವಿದ್ದರೆ ಬರೆದುಕೊಳ್ಳಿ. ಐಸಿಯ ಕಚ್ಚು ಎಡಕ್ಕಿರುವಂತೆ ಹಿಡಿದರೆ ಕೆಳಗಿನ ಎಡ ಮೂಲೆಯದು ಒಂದನೆಯ ಕಾಲು. ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಎಣಿಸಬೇಕು. ನಾಲ್ಕು ಮತ್ತು ಎಂಟು ಬ್ಯಾಟರಿಯ ಪ್ಲಸ್‌ಗೆ, ಒಂದು ಮೈನಸ್‌ಗೆ. ಎಂಟು ಮತ್ತು ಏಳರ ನಡುವೆ 1 ಕಿಲೋಓಮ್, ಏಳು ಮತ್ತು ಆರರ ನಡುವೆ ಎಲ್‌ಡಿಆರ್. ಆರನ್ನು ಎರಡಕ್ಕೆ ಸೇರಿಸಿ, ಎರಡರಿಂದ ಮೈನಸ್‌ಗೆ 0.1ರ ಒಂದು ಕೆಪಾಸಿಟರ್ ಹಾಕಿ. ಮೂರರಿಂದ 10ರ ಕೆಪಾಸಿಟರ್ ಮತ್ತು 100 ಓಮ್ ಮೂಲಕ ಸ್ಪೀಕರಿಗೆ, ಅಲ್ಲಿಂದ ಮೈನಸ್‌ಗೆ ತಂತಿ ಹೋಗಲಿ. ಆ ಕೆಪಾಸಿಟರಿನ ಪ್ಲಸ್ ತುದಿ ಐಸಿಯ ಕಡೆಗಿರಬೇಕು.

ಚಿಕ್ಕ ಕೆಪಾಸಿಟರ್ ಬ್ಯಾಟರಿ ವೋಲ್ಟೇಜಿನ ಮೂರನೇ ಎರಡು ಭಾಗದವರೆಗೆ ತುಂಬಿ, ಮೂರನೇ ಒಂದು ಭಾಗಕ್ಕೆ ಇಳಿದು, ಮತ್ತೆ ತುಂಬುವ ಕ್ರಿಯೆಯೇ ನಾದದ ಮೂಲ. ಆ ಎರಡೂ ಮಿತಿಗಳು ಬ್ಯಾಟರಿಯೊಂದಿಗೇ ಕುಗ್ಗುವುದರಿಂದ, ಬ್ಯಾಟರಿ ಸೊರಗಿದರೂ ಶ್ರುತಿ ಹೆಚ್ಚು ಕದಲುವುದಿಲ್ಲ. ಎಲ್‌ಡಿಆರ್ 10 ಕಿಲೋಓಮ್ ತೋರುವ ಬೆಳಕಿನಲ್ಲಿ ಸುಮಾರು 690 ಹರ್ಟ್ಸ್ ಸ್ವರ ಹೊರಡುತ್ತದೆ. ಅಂಗೈ ಅಡ್ಡ ಬಂದರೆ ಅದು ಜಾರುತ್ತ ಇಳಿಯುತ್ತದೆ. ಕೀಲಿಮಣೆಗೆ ದಕ್ಕದ ಗಮಕದ ಜಾರುವಿಕೆ ಇಲ್ಲಿ ತಾನಾಗಿಯೇ ಬರುತ್ತದೆ, ಕಷ್ಟವಿರುವುದು ಸ್ವರವನ್ನು ನಿಲ್ಲಿಸುವುದರಲ್ಲಿ. ಹಳೆಯ ಚೋಕಿನ ಟ್ಯೂಬ್‌ಲೈಟ್ ಕೆಳಗಂತೂ ನಾದ ನಡುಗಬಹುದು, ಏಕೆಂದರೆ ಆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತಿರುತ್ತದೆ; ಕಿಟಕಿಯ ಬಳಿ ಕೂರುವುದು ಲೇಸು.

ಬೆಳಕು ಬದಲಾಗದಂತೆ ಇಟ್ಟು, ಉಳಿಸಿಕೊಂಡ ಇನ್ನೊಂದು 0.1 ಕೆಪಾಸಿಟರನ್ನು ಮೊದಲನೆಯದರ ಪಕ್ಕದಲ್ಲೇ, ಅದೇ ಎರಡು ತುದಿಗಳಿಗೆ ಚುಚ್ಚಿ. ಕಂಪನ ಅರ್ಧಕ್ಕಿಳಿದು, ಅದೇ ಸ್ವರ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತದೆ. ಕೊಂಚ ಬೇಸುರವೆನಿಸಿದರೆ ಜೋಡಣೆಯನ್ನು ದೂರಬೇಡಿ. ಕೆಪಾಸಿಟರಿನ ಮೇಲೆ ಅಚ್ಚಾದ ಅಂಕಿಗೂ ಅದರ ನಿಜವಾದ ಧಾರಣ ಸಾಮರ್ಥ್ಯಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ.